ಹೆಸರಿಲ್ಲದ ಡ್ರಮ್ಮರ್

ನಮ್ಮ ಹಾಸ್ಟೆಲ್ಲಿನಲ್ಲಿ ಎಂಬತ್ತು ಜನಕ್ಕೆ ಒಂದೇ ಒಲೆ. ಹಾಗಾಗಿ ಯಾವ ಹಾಡಾದರೂ ಎಂಬತ್ತು ಜನಕ್ಕೂ ಸೇರಿ ಒಂದೇ ಸಲ. ಹೊಸ ಸಿನಿಮಾದ ಹಾಡು ಬಂದ ದಿನ ಬೆಳಿಗ್ಗೆ ಉಪ್ಪಿಟ್ಟು ಬೇಯುವಷ್ಟರಲ್ಲಿ ಯಾರಾದರೂ ಫೋನಿನಲ್ಲಿ ಹಾಕಿ ಮುಗಿಸಿರುತ್ತಿದ್ದರು. ತಡವಾಗಿ ಎದ್ದವನು ಕೇಳಲಿಲ್ಲ, ಅಷ್ಟೆ. ಅವನು ಮತ್ತೆ ಹಾಕಿದರೆ ಫೋನಿನ ಮೇಲೆ ಗೀಟು ಓಡುತ್ತದೆ, ದನಿ ಬರುವುದಿಲ್ಲ. ನಾನು ಜಾಝ್ ಹಿಡಿದದ್ದು ಅಭಿರುಚಿಯಿಂದಲ್ಲ. ಉಳಿದವರು ಯಾರೂ ಮುಟ್ಟದ ಸಂಗೀತ ಅದೊಂದೇ ಆಗಿತ್ತು.

ಅದು ಸಿಕ್ಕಿದ್ದು ಹಾಸ್ಟೆಲ್ ಲೈಬ್ರರಿಯ ಒಂದು ಟ್ರಂಕಿನಲ್ಲಿ. ಯಾರೋ ಮನೆ ಖಾಲಿ ಮಾಡುವಾಗ ಹಳೆಯ ಪುಸ್ತಕಗಳ ಜೊತೆ ದಾನ ಕೊಟ್ಟಿದ್ದರು. ಮೇಲೆ ಪರೀಕ್ಷೆಯ ಗೈಡುಗಳು, ಅದರಡಿ ಕಂಬಳಿ ಸುತ್ತಿದ ಒಂದು ರೆಕಾರ್ಡ್ ಪ್ಲೇಯರು, ಅದರ ಪಕ್ಕ ಒಂದು ಕಟ್ಟು ಕಪ್ಪು ತಟ್ಟೆಗಳು. ಲೈಬ್ರರಿಗೆ ಪೇಪರು ಓದಲು ಬರುವವರನ್ನು ಬಿಟ್ಟರೆ ಪುಸ್ತಕ ಓದುವವನು ನಾನೊಬ್ಬನೇ ಆದ್ದರಿಂದ ವಾರ್ಡನ್ ಬೀಗದ ಕೈಯನ್ನು ನನಗೇ ಕೊಟ್ಟಿದ್ದರು. ಅಡುಗೆಯ ಓಬಣ್ಣ ಸಂಜೆ ಒಲೆ ಹಚ್ಚಿದ ಮೇಲೆ ನಾನು ಮೊದಲ ತಟ್ಟೆ ಹಾಕಿದೆ. ಅರ್ಥವಾಗಲಿಲ್ಲ. ಮಾರನೇ ಸಂಜೆ ಎರಡನೆಯದು, ಅದೂ ಅರ್ಥವಾಗಲಿಲ್ಲ. ಮೂರನೆಯದು ಮುಗಿಯುವಾಗ ಮೊದಲನೆಯದು ಅರ್ಥವಾಯಿತು, ಆದರೆ ಅದನ್ನು ಕೇಳಿ ಆಗಿತ್ತು.

ನಮ್ಮ ಊರಿನಲ್ಲಿ ಒಲೆ ಹೊತ್ತಿರುವಾಗ ಮಾತ್ರ ಯಂತ್ರ ಹಾಡುತ್ತದೆ, ಒಂದು ಒಲೆಗೆ ಒಂದು ಹಾಡು ಒಂದೇ ಸಲ ಕೇಳುತ್ತದೆ. ಅಂಗಡಿಯಿಂದ ಹೊಸ ಒಲೆ ತಂದಿಟ್ಟರೆ ಪ್ರಯೋಜನವಿಲ್ಲ. ಸಂಸಾರ ಬೇರೆಯಾಗಬೇಕು. ಅಕ್ಕಿ ಬೇರೆ, ಉಪ್ಪು ಬೇರೆ, ಹಾಲು ಉಕ್ಕಿಸಿ ಹಚ್ಚಿದ ಬೆಂಕಿ ಬೇರೆ. ಆಗ ಆ ಸೂರಿನಡಿ ಕೇಳಿದ ಹಾಡೆಲ್ಲ ಮತ್ತೆ ಹೊಸದು. ಹಾಗಾಗಿ ಹೊಸದಾಗಿ ಮನೆ ಮಾಡಿದ ಗಂಡ ಹೆಂಡತಿಗೆ ಮೊದಲ ತಿಂಗಳು ನೆಂಟರ ಕಾಟ ತಪ್ಪಿದ್ದಲ್ಲ. ಬಾಗಿಲು ತೆಗೆಯುವ ಮೊದಲೇ ನೆಂಟರ ಕೈಯಲ್ಲಿ ಫೋನು ಸಿದ್ಧವಾಗಿರುತ್ತದೆ. ಗಡಿ ದಾಟಿ ಪಕ್ಕದ ಊರಿಗೆ ಹೋದರೆ ಬೇಕಾದಷ್ಟು ಸಲ ಕೇಳಬಹುದು, ನಿಜ. ಹಾಗೆ ಕೇಳಿ ಬರುವವರೂ ಇದ್ದಾರೆ. ಅವರ ಮಾತನ್ನು ನಮ್ಮ ತಟ್ಟೆ ಬಳಗ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದನ್ನೇ ಹತ್ತು ಸಲ ಕೇಳಿದವನಿಗೆ ಅಭಿಪ್ರಾಯ ಯಾಕೆ ಬೇಕು?

ತಟ್ಟೆ ಬಳಗ ಎಂದರೆ ಫೋನಿನಲ್ಲಿ ನಡೆಯುವ ಒಂದು ಗುಂಪು. ಜಾಝ್ ತಟ್ಟೆ ಕೂಡಿಸುವ ಹುಚ್ಚಿನ ನಲವತ್ತು ಚಿಲ್ಲರೆ ಜನ, ಎಲ್ಲ ಇದೇ ಊರಿನವರು, ಬಹುಪಾಲು ಒಬ್ಬರ ಮುಖ ಒಬ್ಬರು ನೋಡದವರು. ಹೆಸರು ಹೇಳುತ್ತಾರೆ, ಮನೆ ಎಲ್ಲೆಂದು ಹೇಳುವುದಿಲ್ಲ. ಹೇಳಿದರೆ ಯಾರಾದರೂ ತಟ್ಟೆ ಹಿಡಿದು ಬಂದು, ನೀವು ಕಾಫಿ ಸೋಸುತ್ತಿರುವಾಗ ನಿಮ್ಮ ಒಲೆಗೆ ಮೀಸಲಿದ್ದ ಹಾಡನ್ನು ಮುಗಿಸಿ ಹೋಗುತ್ತಾರೆ. ತಟ್ಟೆಗಳು ಕೈ ಬದಲಾಗುವುದು ನಮ್ಮ ಲೈಬ್ರರಿಯಲ್ಲಿ. ಒಬ್ಬರು ಇಟ್ಟು ಹೋಗುತ್ತಾರೆ, ಇನ್ನೊಬ್ಬರು ಒಯ್ಯುತ್ತಾರೆ. ಮನೆಯಲ್ಲಿ ಒಮ್ಮೆ ಕೇಳಿ, ಗುಂಪಿನಲ್ಲಿ ವರ್ಷಗಟ್ಟಲೆ ಮಾತಾಡುತ್ತಾರೆ. ಗುಂಪಿನ ತಲೆಯ ಮೇಲೆ ಒಂದು ಸಾಲು ಬರೆದಿದೆ: ಒಲೆಯ ಮುಂದೆ ಕೇಳಿದ್ದೇ ಕೇಳಿದ್ದು. ನಮಗೆ ಇರುವ ನಿಯಮ ಅದೊಂದೇ.

ಆ ಗುಂಪನ್ನು ನಡೆಸುತ್ತಿದ್ದವರು ಮರುಳಸಿದ್ದಪ್ಪ. ಸವೆದ ಟೈರಿಗೆ ಹೊಸ ರಬ್ಬರು ಹಾಕುವ ಅಂಗಡಿ ಅವರದು. ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದ ಜೊತೆ ಇದ್ದರು. ಕೈಯೆಲ್ಲ ಮಸಿಯಾಗಿರುತ್ತಿದ್ದರಿಂದ ಕಿರುಬೆರಳೊಂದರಲ್ಲೇ ಅಕ್ಷರ ಒತ್ತುತ್ತಿದ್ದರು. ಆದರೂ ಅವರ ಬರಹ ಓದಿ ಮುಗಿಸಲು ಹೆಬ್ಬೆರಳು ನೋಯುವಷ್ಟು ಹೊತ್ತು ಸರಿಸಬೇಕಿತ್ತು. ಅವರು ಬರೆದರೆ ಕೇಳದ ತಟ್ಟೆಯೂ ಕೇಳುತ್ತಿತ್ತು. ಹಾಸ್ಟೆಲ್ ಲೈಬ್ರರಿಯ ಕಾದಂಬರಿಗಳನ್ನು ನಾನು ಎರಡೆರಡು ಸಲ ಓದಿ ಮುಗಿಸಿದ್ದೆ. ಸಂಜೆಗೆ ಓದಲು ನನಗೆ ಉಳಿದಿದ್ದು ಮರುಳಣ್ಣನ ಬರಹ ಮಾತ್ರ.

ಅವರು ನಾಲ್ಕು ವರ್ಷದಿಂದ ಬರೆಯುತ್ತಿದ್ದದ್ದು ಒಂದೇ ವಿಷಯ. ಗುಜರಿಯಲ್ಲಿ ಅವರಿಗೆ ಓಟಿಸ್ ಬ್ರ್ಯಾಂಬಲ್ ಎಂಬ ಟ್ರಂಪೆಟ್ ವಾದಕನ ತಟ್ಟೆಯೊಂದು ಸಿಕ್ಕಿತ್ತು. ಊರಿನಲ್ಲಿ ಅದರ ಪ್ರತಿ ಅದೊಂದೇ. ಹೊದಿಕೆಯ ಹಿಂದೆ ಮೂವರ ಹೆಸರಿದೆ: ಟ್ರಂಪೆಟ್, ಪಿಯಾನೊ, ಬೇಸ್. ಡ್ರಮ್ ಇಲ್ಲ. ಆದರೆ ಎರಡನೇ ಬದಿಯ ಮೂರನೇ ಹಾಡಿನಲ್ಲಿ ಒಬ್ಬ ಡ್ರಮ್ಮರ್ ಇದ್ದಾನೆ ಎಂದು ಮರುಳಣ್ಣನ ವಾದ. ಅವರ ಮಾತನ್ನೇ ಹೇಳುತ್ತೇನೆ, ನನಗೆ ಬಾಯಿಪಾಠ: "ಟ್ರಂಪೆಟ್ ಎರಡನೇ ಸಲ ಮೇಲೇರಿ ಉಸಿರು ತೆಗೆದುಕೊಳ್ಳಲು ನಿಲ್ಲುತ್ತದೆ. ಆ ಸಂದಿಯಲ್ಲಿ ಮೊದಲು ಎಲ್ಲೋ ಒಂದು ಕಿಡಿ. ಆಮೇಲೆ ಎರಡು ಮೂರು. ಆಮೇಲೆ ತಂತಿಯ ಕುಂಚದಿಂದ ಡ್ರಮ್ಮಿನ ಚರ್ಮ ಸವರಿದ ಹಾಗೆ ಚರ್ರೆಂದು ಒಂದು ಮಳೆ. ಕೊನೆಗೆ ಒಂದೇ ಒಂದು ದೊಡ್ಡ ನಿಟ್ಟುಸಿರು. ಮುಗಿಯಿತು. ಆಮೇಲೆ ಇಡೀ ತಟ್ಟೆಯಲ್ಲಿ ಅವನು ಇಲ್ಲ." ಕರೆಯದೆ ಬಂದು, ಒಂದು ಹಾಡಿನ ಮಧ್ಯೆ ನುಡಿಸಿ, ಹೆಸರು ಹೇಳದೆ ಎದ್ದು ಹೋದ ಈ ಮನುಷ್ಯ ಯಾರು ಎಂದು ಅವರು ಬರೆದೇ ಬರೆದರು. ಅವನ ವಯಸ್ಸು ಊಹಿಸಿದರು. ಎಡಗೈಯವನು ಎಂದರು. ಆ ಹೊತ್ತಿಗೆ ಅವನಿಗೆ ಹಸಿವಾಗಿತ್ತು ಎಂದೂ ಬರೆದರು.

ಅದನ್ನು ಒಪ್ಪದವರು ಎಸ್ತರ್ ಟೀಚರ್. ಹುಡುಗಿಯರ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು, ಒಂಟಿ ಸಂಸಾರ. ಅದೇ ತಟ್ಟೆಯನ್ನು ಒಯ್ದು, ಒಲೆಯ ಮೇಲೆ ಬರೀ ನೀರು ಇಟ್ಟು, ಬಾಗಿಲು ಕಿಟಕಿ ಮುಚ್ಚಿ ಕೇಳಿದ್ದರು. ಅವರ ತೀರ್ಪು ಎರಡು ಪದ: "ಮೂರು ಜನ." ಮರುಳಣ್ಣ ಒಂದು ಗಜ ಬರೆದರೆ ಟೀಚರು ಕೆಳಗೆ "ಮೂರು ಜನ" ಎಂದು ಹಾಕುತ್ತಿದ್ದರು. ಕೆಲವು ಸಲ ಬರೀ "3."

ಆ ತಟ್ಟೆ ಕೇಳಿದ ಮೂರನೆಯವನು ನಾನು. ನನ್ನ ಮಾತಿನಿಂದ ತೀರ್ಮಾನವಾಗಬೇಕಿತ್ತು. ಆದರೆ ನಾನು ಹಾಕಿದ ಸಂಜೆ ಮೆಸ್ಸಿನಲ್ಲಿ ಸಾರು ಖಾಲಿಯಾಗಿ, ಸರಿಯಾಗಿ ಮೂರನೇ ಹಾಡು ಬರುವಾಗ ಹುಡುಗರೆಲ್ಲ ಊಟದ ತಟ್ಟೆ ಬಡಿದರು. ಅವರು ನಿಲ್ಲಿಸುವಷ್ಟರಲ್ಲಿ ನಾಲ್ಕನೇ ಹಾಡು ನಡೆದಿತ್ತು. ಗುಂಪಿನಲ್ಲಿ ಇದನ್ನು ಹೇಳಿದಾಗ ಟೀಚರು, "ಹಾಗಾದರೆ ಎಂಬತ್ಮೂರು ಜನ ಅನ್ನು," ಎಂದು ಬರೆದರು. ನಲವತ್ತು ಜನ ನಕ್ಕರು.

ಹೀಗೇ ಇನ್ನು ಹತ್ತು ವರ್ಷ ನಡೆಯಬಹುದಿತ್ತು. ಆದರೆ ಒಂದು ದಿನ ಮರುಳಣ್ಣ ಎಂದಿನ ಗಜದುದ್ದದ ಬರಹ ಬಿಟ್ಟು ನಾಲ್ಕೇ ಸಾಲು ಹಾಕಿದರು. ಭಾನುವಾರ ಮಹಡಿಯ ಕೋಣೆಯಲ್ಲಿ ತಾನು ಬೇರೆ ಒಲೆ ಹಚ್ಚುತ್ತಿದ್ದೇನೆ. ಆ ಒಲೆಯ ಮುಂದೆ ಮೊದಲು ಕೇಳುವುದು ಬ್ರ್ಯಾಂಬಲ್ ತಟ್ಟೆಯ ಎರಡನೇ ಬದಿ. ಯಾರು ಬೇಕಾದರೂ ಬನ್ನಿ, ಟೈರ್ ಅಂಗಡಿಯ ಹಿಂದಿನ ಹಸಿರು ಬಾಗಿಲು. ಡ್ರಮ್ಮರ್ ಬರದಿದ್ದರೆ ಬಳಗ ಬಿಡುತ್ತೇನೆ, ತಟ್ಟೆಗಳನ್ನೆಲ್ಲ ಲೈಬ್ರರಿಗೆ ಕೊಟ್ಟುಬಿಡುತ್ತೇನೆ, ಇನ್ನು ಬರೆಯುವುದಿಲ್ಲ.

ಮನೆ ಎಲ್ಲೆಂದು ಹೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ತಟ್ಟೆಗಾಗಿ ಸಂಸಾರ ಬೇರೆ ಮಾಡಿದವರಂತೂ ಊರಿನಲ್ಲೇ ಇರಲಿಲ್ಲ. ಕೊನೆಗೆ ಎಸ್ತರ್ ಟೀಚರು, "ಬರುತ್ತೇನೆ. ಡ್ರಮ್ಮರ್ ಬಂದರೆ ಎಲ್ಲರ ಮುಂದೆ ನಾಲ್ಕು ಎಂದು ಬರೆಯುತ್ತೇನೆ," ಎಂದು ಹಾಕಿದರು.

ನನಗೆ ಅದು ಒಳ್ಳೆಯ ಸುದ್ದಿಯಾಗಿ ಕಾಣಲಿಲ್ಲ. ಮರುಳಣ್ಣ ಹೋದರೆ ಬಳಗದಲ್ಲಿ ಉಳಿಯುವುದು ಯಾವ ತಟ್ಟೆಯ ಮೇಲೆ ಎಷ್ಟು ಗೀರು ಎಂಬ ಲೆಕ್ಕ ಮಾತ್ರ. ಅದನ್ನು ಓದಲು ನನಗೆ ಫೋನು ಬೇಕಾಗಿಲ್ಲ.

ಅವರ ಪ್ಲೇಯರಿನ ಬೆಲ್ಟು ಸಡಿಲವಾಗಿದ್ದರಿಂದ ಲೈಬ್ರರಿಯದನ್ನು ತಂದಿಡಲು ಹೇಳಿದ್ದರು. ಶನಿವಾರ ಮಧ್ಯಾಹ್ನ ಅದನ್ನು ಹೊತ್ತುಕೊಂಡು ಹಸಿರು ಬಾಗಿಲು ತಟ್ಟಿದೆ. ತೆಗೆದವರು ಅವರ ತಮ್ಮನ ಹೆಂಡತಿ ಕೊಟ್ರಮ್ಮ. ತಮ್ಮ ಬಸ್ ಕಂಡಕ್ಟರು, ಡ್ಯೂಟಿ ಮೇಲೆ ಹೋಗಿದ್ದರು.

"ಮೇಲೆ ಇಡಪ್ಪ. ಹುಷಾರು, ಮಧ್ಯದ ಮೆಟ್ಟಿಲು ಅಲ್ಲಾಡುತ್ತೆ. ಈರುಳ್ಳಿ ಹರಡೋ ರೂಮು ಅದು. ನಾಳೆಯಿಂದ ಸಂಸಾರವಂತೆ," ಎಂದರು. ಇಟ್ಟು ಇಳಿದು ಹೊರಟ ನನ್ನನ್ನು ನಿಲ್ಲಿಸಿದರು. "ಎಲ್ಲಿಗೆ ಓಡ್ತೀಯ? ಕೂತ್ಕೊ, ಉಂಡ್ಕೊಂಡು ಹೋಗು. ಹಾಸ್ಟೆಲ್ ಹುಡುಗ ಅಂತ ಕತ್ತು ನೋಡಿದ್ರೇ ಗೊತ್ತಾಗುತ್ತೆ."

ಅಡುಗೆಮನೆಯ ಬಾಗಿಲಲ್ಲಿ ಕುಳಿತೆ. ಅವರು ಬೇಳೆ ಮಸೆಯುತ್ತಾ ನನಗೆ ಹೇಳುತ್ತಿದ್ದರೋ ಬೇಳೆಗೆ ಹೇಳುತ್ತಿದ್ದರೋ ತಿಳಿಯಲಿಲ್ಲ. "ಬೇರೆ ಆಗೋರು ಆಗ್ಲಿ. ನನ್ನ ಕೈಯಲ್ಲಿ ಉಪ್ಪು ಜಾಸ್ತಿ ಅಂತ ಹೇಳ್ಲಿ, ಒಪ್ಕೋತೀನಿ. ನಾನು ಮುಖ ಗಂಟು ಹಾಕ್ಕೊಂಡು ಬಡಿಸ್ತೀನಿ ಅಂತ ಹೇಳ್ಲಿ, ಅದನ್ನೂ ಒಪ್ಕೋತೀನಿ. ಏನೂ ಇಲ್ಲ. ಒಂದು ಕರೀ ತಟ್ಟೆಗೋಸ್ಕರ ಬೇರೆ ಒಲೆ. ಬೀದಿಯೋರೆಲ್ಲ ಏನಂತಿದಾರೆ ಗೊತ್ತಾ? ನಾನೇ ಭಾವನ್ನ ಅಟ್ಟದ ಮೇಲೆ ಹತ್ತಿಸಿದೆ ಅಂತ. ತಟ್ಟೆ ವಿಷಯ ಹೇಳೋಣ ಅಂದ್ರೆ ಅದು ಇನ್ನೂ ಮರ್ಯಾದೆ ಕೇಡು."

"ಅವರಿಗೆ ಅಡುಗೆ ಬರುತ್ತಾ ಅಕ್ಕ?"

"ನೀರು ಕಾಯಿಸ್ತಾರೆ. ಅದೂ ಒಂದ್ಸಲ ಸೀದುಹೋಗಿತ್ತು."

ಸಣ್ಣ ಬಾಣಲೆಗೆ ಎಣ್ಣೆ ಬಿಟ್ಟು ಸಾಸಿವೆ ಹಾಕಿದರು. ನಾನು ಹಸಿವಿನಿಂದ ಬಾಣಲೆಯನ್ನೇ ನೋಡುತ್ತಿದ್ದೆ. ಮೊದಲು ಒಂದು ಕಾಳು ಚಿಟ್ ಎಂದಿತು. ಆಮೇಲೆ ಎರಡು ಮೂರು. ಕರಿಬೇವು ಬಿದ್ದಾಗ ಚರ್ರೆಂದು ಒಂದು ಮಳೆ. ಬಾಣಲೆಯನ್ನು ಸಾರಿಗೆ ಬಗ್ಗಿಸಿದಾಗ ಒಂದೇ ಒಂದು ದೊಡ್ಡ ನಿಟ್ಟುಸಿರು. ಮುಗಿಯಿತು.

ಬಾಯಿಪಾಠ ಬರುತ್ತಿದ್ದದ್ದು ನನ್ನ ಗ್ರಹಚಾರ. ಬರದಿದ್ದರೆ ಅನ್ನ ಉಂಡು ಎದ್ದು ಹೋಗುತ್ತಿದ್ದೆ.

"ಅಕ್ಕ, ಮರುಳಣ್ಣ ಆ ತಟ್ಟೆ ಕೇಳಿದ ದಿನ ನೀವು ಏನು ಅಡುಗೆ ಮಾಡ್ತಿದ್ರಿ, ನೆನಪಿದೆಯಾ?"

"ನೆನಪಿಲ್ಲದೆ ಏನು. ಅವತ್ತು ಭಾವಂಗೆ ನೆಗಡಿ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡ್ತಿದ್ರು. ಅದಕ್ಕೇ ಮೆಣಸಿನ ಸಾರು ಮಾಡಿದ್ದೆ. ಹಾಡೋ ಪೆಟ್ಟಿಗೆ ಪಕ್ಕ ಕಣ್ಮುಚ್ಚಿ ಕೂತಿದ್ರು. ಒಗ್ಗರಣೆ ಕೊಟ್ಟು, ಊಟಕ್ಕೆ ಏಳಿ ಭಾವ ಅಂದ್ರೆ, ಶ್ ಅಂತ ಕೈ ಎತ್ತಿದ್ರು. ಆಮೇಲೆ ತಣ್ಣಗಾದ ಸಾರು ಉಂಡ್ರು. ಯಾಕೆ?"

ನಾನು ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಕೊಟ್ರಮ್ಮ ಸೌಟು ಹಿಡಿದುಕೊಂಡೇ ನೆಲಕ್ಕೆ ಕೂತು ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಲ್ಕು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ಆ ಡ್ರಮ್ಮಿನೋನ ಕಥೆ. ಅವನಿಗೊಂದು ಹೆಸರು ಸಿಕ್ರೆ ಸಾಕು ಕೊಟ್ರಮ್ಮ ಅನ್ನೋರು. ನಾನು ಅಯ್ಯೋ ಪಾಪ ಅಂತ ಇನ್ನೊಂದು ಸೌಟು ಬಡಿಸ್ತಿದ್ದೆ," ಎಂದರು. ಮತ್ತೆ ನಕ್ಕರು. ಆಮೇಲೆ ತಟ್ಟನೆ ನಗು ನಿಲ್ಲಿಸಿದರು. "ಹಾಗಾದ್ರೆ ನಾಳೆ ಅವನು ಬರಲ್ಲ."

"ಬರಲ್ಲ. ಮರುಳಣ್ಣ ಗುಂಪು ಬಿಡಬೇಕಾಗುತ್ತೆ. ತಟ್ಟೆ ಎಲ್ಲ ಕೊಟ್ಟುಬಿಡ್ತೀನಿ ಅಂದಿದಾರೆ." ನಾನು ಅನ್ನ ಕಲಸುತ್ತಾ ಯೋಚಿಸಿದೆ. "ನಾಳೆ ನೀವು ಕೆಳಗಡೆ ಅದೇ ಹೊತ್ತಿಗೆ ಒಗ್ಗರಣೆ ಕೊಟ್ರೆ ಮೆಟ್ಟಿಲ ಸಂದಿಯಿಂದ ಮೇಲಕ್ಕೆ ಕೇಳುತ್ತೆ."

"ನನಗೆ ಹೊತ್ತು ಹೇಗೆ ತಿಳೀಬೇಕು? ಈ ಒಲೆಗೆ ಆ ಹಾಡು ಮುಗಿದಿದೆ. ನೀವು ಮೇಲೆ ಎಷ್ಟು ಹಾಕಿದ್ರೂ ಕೆಳಗೆ ಪಿಟ್ ಅನ್ನಲ್ಲ."

"ನಾನು ಮೂರು ಸಲ ಕಾಲು ಕುಟ್ಟುತ್ತೀನಿ. ತಾಳ ಹಾಕ್ತಿದಾನೆ ಅಂದ್ಕೋತಾರೆ."

ಕೊಟ್ರಮ್ಮ ಎದ್ದು ಬಾಣಲೆ ತೊಳೆಯಲು ಹಾಕಿದರು. "ಬೇರೆ ಒಲೆಯೋರ ಹಾಡಿಗೆ ನನ್ನ ಸಾಸಿವೆ ಯಾಕೆ ಸಿಡೀಬೇಕು?"

"ಕುಟ್ಟಲಾ ಬೇಡ್ವಾ ಅಕ್ಕ?"

"ಕುಟ್ಟು. ಧೂಳು ಬೀಳುತ್ತೆ, ಅಷ್ಟೆ."

ಹಿಂದಿರುಗುವಾಗ ಟೈರ್ ಅಂಗಡಿಯಲ್ಲಿ ನಿಂತೆ. ಮರುಳಣ್ಣ ಒಂದು ಲಾರಿ ಟೈರಿನೊಳಗೆ ತಲೆ ಹಾಕಿ ಏನೋ ಹುಡುಕುತ್ತಿದ್ದರು. ತೆಳ್ಳಗಿನ ಮನುಷ್ಯ, ಕಿವಿ ದೊಡ್ಡದು. ನಾನು ಯಾರೆಂದು ಹೇಳಿದಾಗ ಮಸಿ ಕೈಯನ್ನು ಹಿಂದಿಟ್ಟುಕೊಂಡು ಮೊಣಕೈಯಿಂದ ನನ್ನ ತೋಳು ತಟ್ಟಿದರು. "ಓಂಕಾರಿ ಅಂದ್ರೆ ನೀನೇನಾ. ನಾಳೆ ನೀನೂ ಅವನನ್ನ ಕೇಳ್ತೀಯ. ನಿಮ್ಮ ಹುಡುಗರು ತಟ್ಟೆ ಬಡಿದು ತಪ್ಪಿಸಿದ್ರಲ್ಲ, ನನಗೆ ಅದೇ ಕೊರಗು."

"ಸಂಸಾರ ಬೇರೆ ಮಾಡೋದು ಬೇಕಿತ್ತಾ ಮರುಳಣ್ಣ?"

"ಇನ್ನೇನು ಮಾಡ್ಲಿ? ನಾಲ್ಕು ವರ್ಷ ಆಯ್ತು. ಬರೆದು ಬರೆದು ಈಗ ನನಗೇ ಅನುಮಾನ ಬಂದಿದೆ. ಅವನು ಇದ್ದನೋ, ನಾನು ಬರೆದೆ ಅಂತ ಇದಾನೋ." ಅವರು ಟೈರಿನ ಮೇಲೆ ಬೆರಳಾಡಿಸಿದರು. "ಅದು ಗೊತ್ತಾಗದೆ ಇನ್ನೊಂದು ಸಾಲು ಬರೆಯೋಕೆ ಆಗ್ತಿಲ್ಲ."

ನಾನು ಸಾಮಾನ್ಯವಾಗಿ ಮುಖದ ಮೇಲೆ ಹೇಳುವವನು. ಅಲ್ಲಿ ಹೇಳಲಿಲ್ಲ. ಕರುಣೆಯಿಂದಲ್ಲ. ನನ್ನ ಸಂಜೆಗಳು ನನಗೆ ಬೇಕಾಗಿದ್ದವು.

ಭಾನುವಾರ ಬೆಳಿಗ್ಗೆ ಬಳಗದವರು ಎಂಟು ಹತ್ತು ಜನ ಬಂದರು. ಬಂದವರು ಮೊದಲು ಒಬ್ಬರನ್ನೊಬ್ಬರು ಕಳ್ಳರನ್ನು ನೋಡುವ ಹಾಗೆ ನೋಡಿದರು. ಎಸ್ತರ್ ಟೀಚರು ಗಿಡ್ಡನೆಯವರು, ಬಿಸಿಲಿಲ್ಲದಿದ್ದರೂ ಕೊಡೆ ಹಿಡಿದಿದ್ದರು. ಮೆಟ್ಟಿಲು ಹತ್ತಿ ಬಂದು, ಉಸಿರು ಸುಧಾರಿಸಿಕೊಂಡು, "ನೀವೇನಾ ಮರುಳಸಿದ್ದಪ್ಪ? ಬರವಣಿಗೆ ನೋಡಿ ದಪ್ಪಗಿರ್ತೀರಿ ಅಂದ್ಕೊಂಡಿದ್ದೆ," ಎಂದರು.

"ನೀವು ಮಾತ್ರ ನಾನು ಅಂದ್ಕೊಂಡ ಹಾಗೇ ಇದ್ದೀರಿ ಟೀಚರ್."

ಈರುಳ್ಳಿ ಸಿಪ್ಪೆಯ ವಾಸನೆ ಇನ್ನೂ ಇತ್ತು. ಮರುಳಣ್ಣ ಹೊಸ ಒಲೆ ಹಚ್ಚಿ ಹಾಲಿಟ್ಟರು. ಅದು ಉಕ್ಕಿ ಅರ್ಧ ಚೆಲ್ಲಿ, ನೆಲದ ಮೇಲೆ ನನ್ನ ಕಾಲಿನವರೆಗೆ ಹರಿಯಿತು. ಕೆಳಗಿನಿಂದ ಯಾರೂ ಹತ್ತಿ ಬರಲಿಲ್ಲ. ಹಾಲು ಉಕ್ಕುವಾಗ ಮನೆಯ ಹೆಂಗಸರು ಇರಬೇಕಿತ್ತು ಎಂದು ಯಾರೋ ಪಿಸುಗುಟ್ಟಿದರು. ಮರುಳಣ್ಣ ಕೇಳಿಸದವರ ಹಾಗೆ ಹಾಲಿನ ಪಾತ್ರೆ ಇಳಿಸಿ ನೀರಿನದು ಇಟ್ಟರು. ಟೀಚರು ಬಗ್ಗಿ ಪಾತ್ರೆಯೊಳಗೆ ನೋಡಿ, "ಬರೀ ನೀರು ತಾನೆ?" ಎಂದು ಖಚಿತ ಮಾಡಿಕೊಂಡರು. ನಾನು ಮೆಟ್ಟಿಲ ಬಾಯಿಯ ಹತ್ತಿರ ಗೋಡೆಗೊರಗಿ ನಿಂತೆ.

ಮೊದಲ ಎರಡು ಹಾಡು ಹೋದವು. ಮರುಳಣ್ಣ ಕಣ್ಣು ಮುಚ್ಚಿರಲಿಲ್ಲ, ಒಲೆಯನ್ನೇ ನೋಡುತ್ತಿದ್ದರು. ಮೂರನೆಯದು ಬೇಸ್ ವಾದ್ಯದಿಂದ ಶುರುವಾಯಿತು. ದಪ್ಪ ಮನುಷ್ಯನೊಬ್ಬ ಊಟವಾದ ಮೇಲೆ ಅವಸರವಿಲ್ಲದೆ ಬೀದಿ ಸುತ್ತುವ ಹಾಗೆ ಅದು ನಡೆಯುತ್ತಿತ್ತು. ಪಿಯಾನೊ ಅದರ ಜೊತೆ ಅಲ್ಲಲ್ಲಿ ನಿಂತು ಮಾತಾಡಿತು. ಆಮೇಲೆ ಟ್ರಂಪೆಟ್ ಬಂತು. ಅಷ್ಟು ಚೆನ್ನಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಡ್ರಮ್ಮರಿನ ಗಲಾಟೆಯಲ್ಲಿ ಉಳಿದ ಮೂವರ ಬಗ್ಗೆ ಬರೆಯಲು ಮರುಳಣ್ಣ ಮರೆತಿದ್ದರು. ಟ್ರಂಪೆಟ್ ಒಮ್ಮೆ ಏರಿ ಇಳಿಯಿತು. ಮರುಳಣ್ಣನ ತೋರುಬೆರಳು ಗಾಳಿಯಲ್ಲಿ ಎದ್ದಿತು, ಬರುವವರಿಗೆ ಬಾಗಿಲು ತೋರಿಸುವ ಹಾಗೆ. ಎರಡನೇ ಸಲ ಏರಿತು. ಉಸಿರು ತೆಗೆದುಕೊಳ್ಳಲು ನಿಂತಿತು.

ನಾನು ಮೂರು ಸಲ ಕಾಲು ಕುಟ್ಟಿದೆ.

ಏನೂ ಇಲ್ಲ. ಟೀಚರು ನನ್ನ ಕಾಲನ್ನು ನೋಡಿದರು. ನಾನು ಮತ್ತೆ ಕುಟ್ಟಿದೆ. ಕೆಳಗೆ ಮನೆ ಸತ್ತ ಹಾಗೆ ಸುಮ್ಮನಿತ್ತು. ಟ್ರಂಪೆಟ್ ಉಸಿರು ತೆಗೆದುಕೊಂಡು ಮುಂದೆ ಹೊರಟಿತು. ಮರುಳಣ್ಣನ ಬೆರಳು ನಿಧಾನವಾಗಿ ಬಾಗಿತು, ಆಮೇಲೆ ಮುಷ್ಟಿಯೊಳಗೆ ಹೋಯಿತು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಅಂಗಡಿಯಲ್ಲಿ, ಇದಕ್ಕೆ ಇನ್ನು ರಬ್ಬರು ಕೂರುವುದಿಲ್ಲ ಎಂದು ಟೈರು ಬದಿಗಿಡುವಾಗಲೂ ಮುಖ ಹಾಗೇ ಇರುತ್ತದೆ ಎಂದುಕೊಂಡೆ.

ಆಗ ಕೆಳಗೆ ಚಿಟ್ ಎಂದಿತು.

ಹಾಡು ಆಗಲೇ ಮುಂದೆ ಹೋಗಿತ್ತು. ಟ್ರಂಪೆಟ್ ಇಳಿಯುತ್ತಿತ್ತು. ಅದು ಇಳಿಯುವ ಮೆಟ್ಟಿಲ ಮೇಲೆ ಎರಡು ಮೂರು ಕಾಳು ಸಿಡಿದವು. ಬೇಸಿನವನು ಯಾರಿಗೋ ದಾರಿ ಬಿಟ್ಟ ಹಾಗೆ ಒಂದು ಹೆಜ್ಜೆ ತಪ್ಪಿಸಿ ನಡೆದ. ಪಿಯಾನೊ ನಿಂತಿತು. ಆ ಖಾಲಿ ಜಾಗದಲ್ಲಿ ಚರ್ರೆಂದು ಇಡೀ ಮಳೆ ಬಂತು, ಸುರಿಯಿತು, ಕೊನೆಗೆ ಒಂದು ದೊಡ್ಡ ನಿಟ್ಟುಸಿರು. ಟ್ರಂಪೆಟ್ ಕೊನೆಯ ಸ್ವರ ಹಿಡಿದದ್ದು ಅದರ ಮೇಲೆಯೇ. ಮರುಳಣ್ಣನ ಬಾಯಿ ತೆರೆದಿತ್ತು. ಟೀಚರು ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಒಣಮೆಣಸಿನಕಾಯಿ ಘಾಟು ಮೆಟ್ಟಿಲು ಹತ್ತಿ ಬಂತು. ಮೊದಲು ನಾನು ಕೆಮ್ಮಿದೆ. ಆಮೇಲೆ ಇಡೀ ಬಳಗ ಕೆಮ್ಮಿತು. ಟೀಚರು ಸಾಲಾಗಿ ಸೀನಿ, ಕರ್ಚೀಫಿನಿಂದ ಮೂಗೊರೆಸಿಕೊಂಡು, "ಇದು ಸಾಸಿವೆ," ಎಂದರು.

ಮರುಳಣ್ಣನಿಗೆ ಈ ಸಲ ನೆಗಡಿ ಇರಲಿಲ್ಲ. ಅವರು ಎದ್ದು ಮೆಟ್ಟಿಲ ಬಾಯಿಗೆ ಬಂದರು. ನಾನು ಪಕ್ಕಕ್ಕೆ ಸರಿದೆ.

"ಕೊಟ್ರಮ್ಮ."

"ಹೇಳಿ ಭಾವ."

"ಏನು ಅದು?"

"ಸಾರಿಗೆ ಒಗ್ಗರಣೆ. ಎಣ್ಣೆ ಕಾಯೋದು ತಡ ಆಯ್ತು. ಈ ಹುಡುಗ ಕುದುರೆ ಹಾಗೆ ಕುಟ್ತಾನೆ, ಎಣ್ಣೆ ಕಾಯ್ಬೇಡ್ವಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನನ್ನ ಕಾಲು ನೋಡಿಕೊಂಡೆ.

ಮರುಳಣ್ಣ ಮತ್ತೆ ಕೇಳಿದರು, "ಅವತ್ತೂ?"

"ಅವತ್ತು ನಿಮಗೆ ನೆಗಡಿ ಇತ್ತಲ್ಲ. ಮೆಣಸಿನ ಸಾರು."

ಅವರು ಮೆಟ್ಟಿಲ ಮೇಲೆ ಕೂತರು. ಬೆನ್ನು ನಮ್ಮ ಕಡೆ ಇತ್ತು, ಅಲುಗಾಡುತ್ತಿತ್ತು. ಅಳುತ್ತಿದ್ದಾರೆ ಎಂದು ಬಳಗದ ಒಬ್ಬರು ನೀರಿನ ಲೋಟ ಹಿಡಿದು ಹೋದರು. ನಗುತ್ತಿದ್ದರು. ದನಿ ಇಲ್ಲದ ನಗು, ಕಿವಿ ಕೆಂಪಗಾಗಿತ್ತು. "ಎಡಗೈಯವನು ಅಂತ ಬರೆದಿದ್ದೆ," ಎಂದರು ಕೊನೆಗೆ. "ಕೊಟ್ರಮ್ಮ, ನೀನು ಸೌಟು ಯಾವ ಕೈಯಲ್ಲಿ ಹಿಡೀತೀಯ?"

"ಬಲಗೈಯಲ್ಲಿ. ಎಡಗೈಯಲ್ಲಿ ಯಾರಾದ್ರೂ ಬಡಿಸ್ತಾರಾ?"

ಅಷ್ಟರಲ್ಲಿ ತಟ್ಟೆಯ ಕೊನೆಯ ಹಾಡೂ ಮುಗಿದು ಸೂಜಿ ಸುಮ್ಮನೆ ಸುತ್ತುತ್ತಿತ್ತು. ಮರುಳಣ್ಣ ಎದ್ದು ಬಂದು ಅದನ್ನು ಎತ್ತಿಟ್ಟು, ತಟ್ಟೆಯನ್ನು ಹೊದಿಕೆಗೆ ಸೇರಿಸಿ ನನ್ನ ಕೈಗೆ ಕೊಟ್ಟರು. "ಮಾತು ಮಾತೇ. ಲೈಬ್ರರಿಗೆ ಒಯ್ಯಿ. ಉಳಿದದ್ದನ್ನ ನಾಳೆ ಗಾಡಿಯಲ್ಲಿ ಕಳಿಸ್ತೀನಿ. ಟೀಚರ್ ಹೇಳಿದ್ದೇ ಸರಿ. ಮೂರು ಜನ."

"ತಾಳಿ," ಎಂದರು ಟೀಚರು. ನೋಟ್ಸ್ ತಿದ್ದುವ ಮುಖ ಮಾಡಿಕೊಂಡು ಒಲೆಯನ್ನೂ ಮೆಟ್ಟಿಲನ್ನೂ ನೋಡಿದರು. "ಹೊದಿಕೆ ಮೇಲೆ ಮೂರು. ತಟ್ಟೆಯಲ್ಲೂ ಮೂರು. ಅದರಲ್ಲಿ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಆದರೆ ಗುಂಪಿನ ಮೇಲೆ ಏನಂತ ಬರೆದಿದ್ದೀರಿ ನೀವು? ಒಲೆಯ ಮುಂದೆ ಕೇಳಿದ್ದೇ ಕೇಳಿದ್ದು. ನನ್ನ ಒಲೆಯ ಮುಂದೆ ಮೂರು ಕೇಳಿತು. ನಿಮ್ಮ ಕೆಳಗಿನ ಒಲೆಯ ಮುಂದೆ ನಾಲ್ಕು ಕೇಳಿತು. ಇವತ್ತು ಈ ಒಲೆಯ ಮುಂದೆ ನನಗೂ ನಾಲ್ಕು ಕೇಳಿತು. ಅದೇನು ಅಂತ ಗೊತ್ತಾದ ಮೇಲೆ ಕೇಳಿದ್ದು ಕೇಳಲಿಲ್ಲ ಅನ್ನೋಕಾಗುತ್ತಾ?"

"ಇದು ಹುಡುಗ ಮಾಡಿದ ಮೋಸ ಟೀಚರ್."

"ಹುಡುಗನ ವಿಷಯ ಆಮೇಲೆ ವಿಚಾರಿಸೋಣ. ಆದ್ರೆ ಇವತ್ತು ಒಂದು ಮಾತ್ರೆ ತಡವಾಗಿ ಬಂತಲ್ಲ, ಅದು..." ಅವರು ನಿಲ್ಲಿಸಿ ಕೊಡೆ ಸರಿ ಮಾಡಿಕೊಂಡರು. "ಅದು ಚೆನ್ನಾಗಿತ್ತು. ನಾನು ಒಂಟಿಯಾಗಿ ನೀರು ಕಾಯಿಸಿಕೊಂಡು ಕೇಳಿದ್ದಕ್ಕಿಂತ ಚೆನ್ನಾಗಿತ್ತು. ಬೇರೆ ಒಲೆ ಹಚ್ಚೋ ಮೊದಲು ನನ್ನನ್ನ ಒಂದು ಮಾತು ಕೇಳಬೇಕಿತ್ತು ನೀವು. ಒಂಟಿ ಒಲೆ ಹೇಗಿರುತ್ತೆ ಅಂತ ಹೇಳ್ತಿದ್ದೆ."

ಕೆಳಗಿನಿಂದ ಕೊಟ್ರಮ್ಮ ಕೂಗಿದರು, "ಎಷ್ಟು ಜನ ಇದ್ದೀರಿ ಮೇಲೆ? ಸಾರು ಎಲ್ಲರಿಗೂ ಸಾಕು. ಆದ್ರೆ ಭಾವ, ಮೊದಲು ಆ ಒಲೆ ಆರಿಸಿ ಬನ್ನಿ. ಎರಡು ಒಲೆ ಉರಿಯೋ ಮನೇಲಿ ಬಂದೋರಿಗೆ ಬಡಿಸೋದು ನನಗೆ ಬರಲ್ಲ."

ಮರುಳಣ್ಣ ಒಲೆಯ ಮುಂದೆ ನಿಂತರು. ಬಳಗದವರ ಚೀಲಗಳಲ್ಲಿ ತಟ್ಟೆಗಳಿದ್ದದ್ದು ನನಗೆ ಕಾಣುತ್ತಿತ್ತು. ಹೊಸ ಒಲೆ, ಇನ್ನೂ ಒಂದೇ ತಟ್ಟೆ ಕೇಳಿದ ಒಲೆ. ಬಳಗದವರು ತಮ್ಮ ತಮ್ಮ ಮನೆಯಲ್ಲಿ ಕೇಳಿ ಮುಗಿಸಿದ ಎಲ್ಲ ತಟ್ಟೆಗಳೂ ಅದರ ಮುಂದೆ ಮತ್ತೆ ಹಾಡಬಹುದಿತ್ತು. ಮರುಳಣ್ಣ ಬಗ್ಗಿ ತಿರುಪು ತಿರುಗಿಸಿದರು. ನೀಲಿ ಉರಿ ಪುಸಕ್ಕೆಂದು ಹೋಯಿತು. ನೀರಿನ ಪಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡು ಅವರು ಮೊದಲು ಇಳಿದರು. ಚೀಲ ತಬ್ಬಿಕೊಂಡಿದ್ದ ಒಬ್ಬರು ಮಾತ್ರ ಸಣ್ಣಗೆ ನಿಟ್ಟುಸಿರು ಬಿಟ್ಟರು.

ಹತ್ತು ಹನ್ನೆರಡು ಜನ ಅಡುಗೆಮನೆಯಿಂದ ಹೊಸ್ತಿಲವರೆಗೆ ಸಾಲಾಗಿ ಕೂತು ಉಂಡೆವು. ಕೊಟ್ರಮ್ಮ ಎಲ್ಲರಿಗೂ ಬಡಿಸಿದರು. ಟೀಚರ ಮುಂದೆ ನಿಂತು, "ನೀವೇನಾ ಮೂರು ಜನ ಅನ್ನೋರು?" ಎಂದು ಕೇಳಿ, ಇನ್ನೊಂದು ಸೌಟು ಹಾಕಿದರು.

ಸಂಜೆ ಗುಂಪಿನಲ್ಲಿ ಮರುಳಣ್ಣನ ಬರಹ ಬಂತು. ಗಜದುದ್ದ ಇರಲಿಲ್ಲ. ಟ್ರಂಪೆಟ್: ಓಟಿಸ್ ಬ್ರ್ಯಾಂಬಲ್. ಪಿಯಾನೊ, ಬೇಸ್: ಹೊದಿಕೆಯ ಮೇಲೆ ಇರುವವರೇ. ಒಗ್ಗರಣೆ: ಕೊಟ್ರಮ್ಮ. ಅಷ್ಟೆ. ಅದರ ಕೆಳಗೆ ಎಸ್ತರ್ ಟೀಚರು ಒಂದೇ ಅಂಕಿ ಹಾಕಿದ್ದರು: 4.

ಆಮೇಲೆ ಗುಂಪಿನಲ್ಲಿ ಎಲ್ಲರಿಗೂ ಹುಕಿ ಬಂತು. ತಮ್ಮ ತಮ್ಮ ಹಳೆಯ ತಟ್ಟೆಗಳ ಕೆಳಗೆ ಹೆಸರು ಸೇರಿಸತೊಡಗಿದರು. ಒಬ್ಬರ ಸ್ಯಾಕ್ಸೊಫೋನಿನ ಪಕ್ಕದಲ್ಲಿ ಅತ್ತೆಯ ಕುಕ್ಕರು ಬಂತು, ಇನ್ನೊಬ್ಬರ ಪಿಯಾನೊ ಪಕ್ಕ ದೋಸೆ ಹೆಂಚು. ನಾನೂ ಮೆಸ್ಸಿನ ಕಟ್ಟೆಯ ಮೇಲೆ ಕೂತು ನನ್ನದನ್ನು ಬರೆದೆ: ಓಟಿಸ್ ಬ್ರ್ಯಾಂಬಲ್, ಎರಡನೇ ಬದಿ, ಮೂರನೇ ಹಾಡು, ಹಾಸ್ಟೆಲ್ ಒಲೆ. ಊಟದ ತಟ್ಟೆ: ಎಂಬತ್ತು ಜನ.

ತಕ್ಷಣ ಟೀಚರ ಉತ್ತರ ಬಂತು. "ಎಪ್ಪತ್ತೊಂಬತ್ತು. ನೀನು ತಟ್ಟೆ ಬಡಿಯಲಿಲ್ಲ, ಕಾಲು ಮಾತ್ರ ಕುಟ್ಟುವವನು."